ನೀರು ಸೋಸುವ ಅರಿವೆ ಜಪಾನಿಗೆ ಹೋಗಿ ಬಂದದ್ದು

ಕೋಲ್ಹಾಪುರ

ಜಪಾನಿಗೆ ಹೋಗಿ ಬಂದವನೆಂದು ಗೊತ್ತಾದರೆ ಸಾಕು, ಇಚಲಕರಂಜಿಯ ನಮ್ಮ ಮಗ್ಗದ ಶೆಡ್ಡಿನಲ್ಲಿ ಎಲ್ಲರೂ ಕೇಳುವುದು ಒಂದೇ ಮಾತು: ‘ಅಲ್ಲಿ ಏನೇನ ನೋಡಿದ್ರಿ?’ ನೋಡಿದ್ದು ಬಹಳ. ಆದರೆ ಕಣ್ಣು ಮುಚ್ಚಿದರೆ ನನಗೆ ಕಾಣುವುದು ಅವರ ಬೆಟ್ಟವೂ ಅಲ್ಲ, ಹೂವೂ ಅಲ್ಲ. ಒಂದು ಉದ್ದನೆಯ ಮೇಜು, ಅದರ ಮೇಲೆ ನಮ್ಮ ಮನೆಯ ನೀರು ಸೋಸುವ ಅರಿವೆ, ಆ ಅರಿವೆಯ ಕೆಳಗೆ ನನ್ನ ಕಾಕಾರ ಕೈ.

ಕಾಕಾ ಎಂದರೆ ನನ್ನ ತಂದೆಯ ತಮ್ಮ ತವನಪ್ಪ. ಹುಟ್ಟಿದ್ದು ಗಡಹಿಂಗ್ಲಜ ತಾಲೂಕಿನ ಮಹಾಗಾಂವದಲ್ಲಿ, ಬಾಳಿದ್ದು ಕೋಲ್ಹಾಪುರದ ಬೆಲ್ಲದ ಪೇಟೆಯಲ್ಲಿ, ದಲಾಲಿ ಮಾಡಿಕೊಂಡು. ಆ ಪೇಟೆಯಲ್ಲಿ ಬೆಲೆಯನ್ನು ಬಾಯಿಂದ ಆಡುವ ಪದ್ಧತಿಯಿರಲಿಲ್ಲ. ಮಾರುವವನ ಕೈ, ಕೊಳ್ಳುವವನ ಕೈ ಎರಡರ ಮೇಲೂ ಹೆಗಲ ವಲ್ಲಿಯನ್ನು ಹೊದಿಸಿ, ಒಳಗೆ ಬೆರಳು ಹಿಡಿದು ಬೆಲೆ ಹೇಳುತ್ತಿದ್ದರು. ಒಪ್ಪಿದರೆ ವಲ್ಲಿ ಸರಿಸಿ ಕೂಗುವುದು. ಒಪ್ಪದಿದ್ದರೆ ಯಾರು ಎಷ್ಟು ಕೇಳಿದರೆಂಬುದು ಅರಿವೆಯ ಕೆಳಗೇ ಮಣ್ಣಾಗುತ್ತಿತ್ತು. ಯಾರಿಗೂ ಅವಮಾನವಿಲ್ಲ, ಯಾರಿಗೂ ಹಗೆಯಿಲ್ಲ. ಕಾಕಾರ ಬೆರಳಿಗೆ ಪೇಟೆಯಲ್ಲಿ ದೊಡ್ಡ ಹೆಸರಿತ್ತು.

ಅದೇ ಬೆರಳು ಮನೆಯಲ್ಲಿ ಮಾಡುತ್ತಿದ್ದ ಕೆಲಸ ಬೇರೆ. ನಾವು ಜೈನರು. ದಿನಾ ಮುಂಜಾನೆ ಕೊಡದ ಬಾಯಿಗೆ ದಪ್ಪ ಅರಿವೆಯನ್ನು ಎರಡು ಪದರು ಮಾಡಿ ಹಾಸಿ ಬಾವಿಯ ನೀರು ಸೋಸುತ್ತೇವೆ. ಅರಿವೆಯಲ್ಲಿ ಉಳಿದದ್ದನ್ನು, ಕಣ್ಣಿಗೆ ಕಾಣದ ಸಣ್ಣ ಸಣ್ಣ ಜೀವಗಳು ಅದರಲ್ಲಿರುತ್ತವೆಂದು, ಮೆಲ್ಲಗೆ ಅದೇ ಬಾವಿಗೆ ತಿರುಗಿ ಬಿಡುತ್ತೇವೆ. ಬೇರೆ ಮನೆಗಳಲ್ಲಿ ಇದು ಹೆಂಗಸರ ಕೆಲಸ. ನಮ್ಮ ಕಾಕಾ ಮಾತ್ರ ಇದನ್ನು ಯಾರಿಗೂ ಬಿಟ್ಟುಕೊಟ್ಟವರಲ್ಲ. ಅವರ ಹೆಂಡತಿ, ನಮ್ಮ ಚಿಗವ್ವ ಕೂಡ ಸೋಸುವ ಅರಿವೆಯನ್ನು ಅವರನ್ನು ಕೇಳಿಯೇ ಮುಟ್ಟಬೇಕು.

ಇನ್ನು ಇಂಥವರು ಜಪಾನಿಗೆ ಹೋದದ್ದು ಯಾಕೆಂದರೆ, ಅರವತ್ತರ ದಶಕದ ಆ ದಿನಗಳಲ್ಲಿ ನಮ್ಮ ಸರಕಾರಕ್ಕೆ ಊರಿಂದ ಊರಿಗೆ ಹಾರುವ ಸಣ್ಣ ವಿಮಾನಗಳು ಬೇಕಾಗಿದ್ದವು. ಜಪಾನಿನವರಿಗೆ ತಾವು ಹೊಸದಾಗಿ ಕಟ್ಟಿದ ವಿಮಾನ ಮಾರಬೇಕಿತ್ತು. ನಮ್ಮ ಹತ್ತಿರ ಪರದೇಶದ ಹಣವಿರಲಿಲ್ಲ. ಆಗ ದಿಲ್ಲಿಯ ಸಾಹೇಬರೊಬ್ಬರು ಒಂದು ಪಟ್ಟು ಹಿಡಿದರು: ನಿಮ್ಮ ವಿಮಾನ ನಾವು ಕೊಳ್ಳಬೇಕಾದರೆ ನಮ್ಮ ಮಾಲು ನೀವು ಕೊಳ್ಳಿ, ಇಲ್ಲದಿದ್ದರೆ ವಿಮಾನ ಮಾರುವ ದೇಶಗಳು ಇನ್ನೂ ಇವೆ. ಮಾಲು ತೋರಿಸಲು ಆ ಸಾಹೇಬರ ಜೊತೆಗೆ ಹೋಗುವ ವ್ಯಾಪಾರಸ್ಥರ ಒಂದು ಸಣ್ಣ ತಂಡ ಬೇಕಾಯಿತು. ಬೆಲ್ಲಕ್ಕೆ ಕಾಕಾ, ಮಗ್ಗದ ಬಟ್ಟೆಗೆ ನಾನು, ಸಿಗಡಿಗೆ ಹಸನಭಾಯಿ.

ಹಸನಭಾಯಿ ಕಾಕಾರ ಜೊತೆ ಸಾಲಿ ಕಲಿತ ಗೆಳೆಯ. ಗಡಹಿಂಗ್ಲಜದಲ್ಲಿ ತಾಯಿಯ ತವರಲ್ಲಿ ಬೆಳೆದು, ಆಮೇಲೆ ಘಟ್ಟ ಇಳಿದು ಮಾಲವಣದ ಕಡಲತಡಿಯಲ್ಲಿ ತಂದೆಯ ಮೀನಿನ ವ್ಯಾಪಾರ ಹಿಡಿದವರು. ಇದ್ದದ್ದನ್ನೆಲ್ಲ ಸುರಿದು ಬರ್ಫದ ಕಾರ್ಖಾನೆ ಕಟ್ಟಿಸಿದ್ದರು. ಜಪಾನಿನವರು ಸಿಗಡಿ ಕೊಂಡರೆ ಕಾರ್ಖಾನೆ, ದೋಣಿ, ಅದನ್ನೇ ನಂಬಿದ ಮೀನುಗಾರರ ಮನೆಗಳು ಎಲ್ಲವೂ ಉಳಿಯುತ್ತವೆ. ಕೊಳ್ಳದಿದ್ದರೆ ಬರ್ಫದ ಜೊತೆಗೆ ತಾವೂ ಕರಗುವುದೇ ಎಂದು ಅವರು ನಗುತ್ತ ಹೇಳುತ್ತಿದ್ದರು. ಅವರು ನಕ್ಕಾಗ ನನಗೆ ನಗು ಬರುತ್ತಿರಲಿಲ್ಲ.

ಹೊರಡುವ ದಿನ ಚಿಗವ್ವ ಕಡಕ್ ರೊಟ್ಟಿಯ ಗಂಟು, ಶೇಂಗಾ ಚಟ್ನಿಯ ಡಬ್ಬಿ ಕಟ್ಟಿ, ಮೇಲೆ ಹೊಸದೊಂದು ಸೋಸುವ ಅರಿವೆ ಇಟ್ಟರು. ಬಟ್ಟೆ ನಾನು ಇಚಲಕರಂಜಿಯ ಕೈಮಗ್ಗದವರಿಂದ ತಂದುಕೊಟ್ಟದ್ದು, ಅಂಚು ಹೊಲಿದದ್ದು ಅವರು.

‘ಅಲ್ಲಿ ನೀರ ಹೆಂಗಿರತೈತೊ ಏನೋ. ಸೋಸಲಾರದ ಒಂದ ಗುಟಕ ಸೈತ ಕುಡೀಬ್ಯಾಡ್ರಿ.’

‘ಸೋಸತೇನಿ. ಉಳದದ್ದನ್ನ ಬಿಡಾಕ ಬಾವಿ ಎಲ್ಲಿಂದ ತರಲಿ?’ ಎಂದರು ಕಾಕಾ.

‘ಬಾವಿ ಇರದಿದ್ರ ಹೊಳಿ ಇರತೈತಿ. ಹೊಳಿ ಇಲ್ಲದ ದೇಶ ಐತೇನ್ರಿ ಎಲ್ಲರೆ?’

ಕಾಕಾ ಅರಿವೆಯನ್ನು ಮಡಿಚಿ ಕೋಟಿನ ಕಿಸೆಗೆ ಹಾಕಿಕೊಂಡರು. ನಾವು ಹೊರಟೆವು.

ಟೋಕಿಯೋ

ವಿಮಾನ ನಿಲ್ದಾಣದಲ್ಲಿ ಗಂಟು ಬಿಚ್ಚಿಸಿದ ಅಧಿಕಾರಿ ಕಡಕ್ ರೊಟ್ಟಿಯೊಂದನ್ನು ಎತ್ತಿ ಬೆಳಕಿಗೆ ಹಿಡಿದ. ಬೆರಳಿನಿಂದ ಬಡಿದು ಸಪ್ಪಳ ಕೇಳಿದ. ಇನ್ನೊಬ್ಬನನ್ನು ಕರೆದ, ಅವನೂ ಬಡಿದ. ತಿನ್ನುವ ಪದಾರ್ಥವೆಂದು ನಾನು ಇಂಗ್ಲಿಷಿನಲ್ಲಿ ಹೇಳಿದರೆ ಇಬ್ಬರೂ ಸೌಜನ್ಯದಿಂದ ತಲೆಬಾಗಿದರು, ನಂಬಲಿಲ್ಲ. ಕೊನೆಗೆ ಹಸನಭಾಯಿ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು ಕಟಕಟ ಅಗಿದು ತೋರಿಸಿದರು. ಆಮೇಲೆ ನಮ್ಮನ್ನು ಬಿಟ್ಟರು.

ನಮ್ಮನ್ನು ಇಳಿಸಿದ್ದು ಹಳೆಯ ಪದ್ಧತಿಯ ಒಂದು ತಂಗುಮನೆಯಲ್ಲಿ. ಬಾಗಿಲಲ್ಲೇ ಚಪ್ಪಲಿ ಬಿಡಬೇಕು. ಇದು ಕಾಕಾರಿಗೆ ಬಹಳ ಹಿಡಿಸಿತು. ‘ಮನಿ ಅಂದ್ರ ಹಿಂಗಿರಬೇಕು ನೋಡು, ಬಾಳೂ,’ ಎಂದು ನನಗೆ ಹೇಳಿ ತಮ್ಮ ಕೋಲ್ಹಾಪುರಿ ಚಪ್ಪಲಿಯನ್ನು ಒಳಮುಖ ಮಾಡಿ ಬಿಟ್ಟರು. ಬೆಳಿಗ್ಗೆ ಬಂದು ನೋಡಿದರೆ ಚಪ್ಪಲಿಗಳು ಹೊರಮುಖವಾಗಿ ತಿರುಗಿ ನಿಂತಿವೆ. ಕಾಕಾರ ಮುಖ ಸಣ್ಣದಾಯಿತು.

‘ಹೋಗ್ರಿ ಅನ್ನಾಕತ್ತಾರೇನೋ? ರಾತ್ರಿ ನಾ ಗೊರಕಿ ಹೊಡದ್ನೇನು?’

ಮರುದಿನವೂ ಹಾಗೇ. ಮನೆಯ ಯಜಮಾನತಿಯ ಬಳಿ ಕ್ಷಮೆ ಕೇಳಿ ಬಾ ಎಂದು ನನ್ನನ್ನು ಕಳಿಸಿದರು. ಆ ತಾಯಿ ಗಾಬರಿಯಾಗಿ ಮೂರು ಸಲ ತಲೆಬಾಗಿದಳು. ಹೊರಡುವ ಅತಿಥಿ ಬಗ್ಗಿ ತಿರುಗಿಸಿಕೊಳ್ಳುವ ತೊಂದರೆ ಆಗಬಾರದೆಂದು ಅವರೇ ರಾತ್ರಿ ಚಪ್ಪಲಿ ತಿರುಗಿಸಿ ಇಡುತ್ತಾರಂತೆ. ಇದನ್ನು ಕೇಳಿದ ಮೇಲೆ ಕಾಕಾ ಅವಳಿಗೆ ಅರ್ಧ ಡಬ್ಬಿ ಶೇಂಗಾ ಚಟ್ನಿ ಕೊಟ್ಟುಬಿಟ್ಟರು. ಅದು ನನ್ನ ಪಾಲಿನ ಅರ್ಧ.

ನಮ್ಮ ಎದುರು ಕೂತು ಮಾತಾಡುವವರು ಒಂದು ದೊಡ್ಡ ವ್ಯಾಪಾರ ಮಂಡಳಿಯವರು. ವಿಮಾನ ಮಾರುವವರೂ ಅವರೇ, ಮೀನು ಕೊಳ್ಳುವವರೂ ಅವರೇ. ಕೊಳ್ಳುವ ವಿಭಾಗಕ್ಕೆ ಒಕುದಾ ಎಂಬ ಹಿರಿಯರಿದ್ದರು. ಬೋಳುತಲೆ, ದಪ್ಪ ಕನ್ನಡಕ, ಮಾತಾಡುವ ಮುಂಚೆ ಮೂಗಿನಲ್ಲಿ ಒಮ್ಮೆ ಗಾಳಿ ಎಳೆದುಕೊಳ್ಳುವ ಅಭ್ಯಾಸ. ಉದಗಾಂವದ ನನ್ನ ಸೋದರಮಾವನೂ ಹಾಗೇ ಮಾಡುತ್ತಿದ್ದ, ಅದಕ್ಕೆ ನನಗೆ ಅವರ ಮೇಲೆ ಮೊದಲ ದಿನವೇ ಸಲಿಗೆ ಹುಟ್ಟಿತು.

ನಾನು ತಂದ ಬಟ್ಟೆಯನ್ನು ಅವರು ಮೆಚ್ಚಿ, ಮಡಿಚಿ, ತಿರುಗಿ ಕೊಟ್ಟರು. ಜಪಾನಿಗೆ ಬಟ್ಟೆ ಮಾರಲು ಹೋಗುವುದೆಂದರೆ ಬಿದ್ರಿಯ ಸಕ್ಕರೆ ಕಾರ್ಖಾನೆಗೆ ಚೀಲದಲ್ಲಿ ಸಕ್ಕರೆ ಒಯ್ದ ಹಾಗೆ ಎಂಬುದು ಅಲ್ಲಿಗೆ ಹೋದ ಮೇಲೆ ನನಗೆ ತಿಳಿಯಿತು. ಕಾಕಾ ಕೊಟ್ಟ ಬೆಲ್ಲದ ಪೆಂಟೆಯನ್ನು ಮಾತ್ರ ಎರಡೂ ಕೈಯಿಂದ ಸ್ವೀಕರಿಸಿ ಒಳಗೆ ಒಯ್ದರು. ನಮಗೆ ಬಲು ಆಸೆ ಹುಟ್ಟಿತು. ಮರುದಿನ ನೋಡಿದರೆ ಅದು ಸಭೆಯ ಕೋಣೆಯ ಗೂಡಿನಲ್ಲಿ, ಕರಿಮರದ ಸಣ್ಣ ಪೀಠದ ಮೇಲೆ, ಬದಿಗೊಂದು ಹೂವಿನ ಕಡ್ಡಿಯೊಂದಿಗೆ ಕೂತಿತ್ತು. ಚಂದದ ಕಲ್ಲುಗಳನ್ನು ಹೀಗೆ ಇಟ್ಟು ನೋಡುವುದು ಅವರ ಹವ್ಯಾಸವಂತೆ. ಅದು ತಿನ್ನುವುದೆಂದು ಹೇಳಲು ನಾನು ಎದ್ದೆ. ಕಾಕಾ ತೋಳು ಹಿಡಿದು ಕೂರಿಸಿದರು.

‘ಇರಲಿ ಬಿಡೋ. ನಮ್ಮೂರ ಬೆಲ್ಲಕ್ಕ ಇಷ್ಟ ಮಾನಾ ಯಾವ ಪ್ಯಾಟ್ಯಾಗ ಸಿಕ್ಕಿತ್ತು?’

ಹೀಗೆ ಬಟ್ಟೆ ಹೋಯಿತು, ಬೆಲ್ಲ ದೇವರಾಯಿತು, ಉಳಿದದ್ದು ಸಿಗಡಿಯೊಂದೇ. ಅದು ಮಾತ್ರ ಅವರಿಗೆ ಬೇಕೇ ಬೇಕಿತ್ತು. ಸಾಹೇಬರು ಅದನ್ನು ಅರಿತು, ವಿಮಾನದ ಮಾತು ಬಂದಾಗಲೆಲ್ಲ ಸಿಗಡಿಯನ್ನು ಮುಂದೆ ತಳ್ಳುತ್ತಿದ್ದರು. ಸಿಗಡಿಯ ಮಾತು ಬಂದಾಗಲೆಲ್ಲ ಜಪಾನಿನವರು ವಿಮಾನವನ್ನು ಮುಂದೆ ತಳ್ಳುತ್ತಿದ್ದರು.

ಸಂಜೆಯ ಸಂಗತಿಯೊಂದು ಹೇಳಲೇಬೇಕು. ನಾವು ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಅದು ಚಳಿಗಾಲ, ಅಲ್ಲಿ ಮಧ್ಯಾಹ್ನದ ಚಹಾದ ಬೆನ್ನಿಗೇ ಸಂಜೆ. ‘ಈ ದೇಶದಾಗ ಸೂರ್ಯಾಗೂ ಭಾಳ ಅವಸರ,’ ಎಂದು ಕಾಕಾ ಮೊದಲ ದಿನ ಸಭೆಯ ನಡುವೆಯೇ ಎದ್ದು ಕಿಟಕಿಯ ಬಳಿ ನಿಂತು ಗಂಟು ಬಿಚ್ಚಿ ರೊಟ್ಟಿ ತಿಂದರು. ಆ ನಿಶ್ಶಬ್ದ ಕೋಣೆಯಲ್ಲಿ ಕಡಕ್ ರೊಟ್ಟಿಯ ಸದ್ದು! ಸಾಹೇಬರು ನೆಲ ನೋಡಿದರು. ಒಕುದಾ ಕಿಟಕಿಯಾಚೆ ಇಳಿಯುತ್ತಿದ್ದ ಬಿಸಿಲನ್ನು ನೋಡಿದರು. ಮರುದಿನದಿಂದ ಬಿಸಿಲು ಕಿಟಕಿಯ ಕೆಳಗಂಚಿಗೆ ಬಂದ ಕೂಡಲೇ ಅವರು ಕೈ ಎತ್ತಿ ಮಾತು ನಿಲ್ಲಿಸುತ್ತಿದ್ದರು. ಕಾಕಾರ ಮುಂದೆ ಒಂದು ತಟ್ಟೆಯಲ್ಲಿ ಸುಲಿದ ಕಿತ್ತಳೆ ಬರುತ್ತಿತ್ತು. ಅವರು ತಿಂದು ಮುಗಿಸುವ ತನಕ ವಿಮಾನವೂ ಸಿಗಡಿಯೂ ಕಾಯುತ್ತಿದ್ದವು. ಆ ಕಿತ್ತಳೆಯನ್ನು ನೆನೆಸಿದರೆ ನನಗೆ ಇವತ್ತಿಗೂ ಎದೆ ತುಂಬುತ್ತದೆ.

ನಗೋಯಾ

ವಿಮಾನ ತೋರಿಸಲು ನಮ್ಮನ್ನು ನಗೋಯಾಕ್ಕೆ ಕರೆದೊಯ್ದರು. ದೊಡ್ಡ ಶೆಡ್ಡಿನಲ್ಲಿ ಎರಡು ಎಂಜಿನ್ನಿನ, ಪಂಖವಿದ್ದ ವಿಮಾನ ಹೊಸ ಬಣ್ಣದಲ್ಲಿ ಮಿಂಚುತ್ತಿತ್ತು. ಕಾಕಾ ಅದರ ಸುತ್ತ ಒಂದು ಸುತ್ತು ಬಂದರು. ಎತ್ತು ಕೊಳ್ಳುವವರ ಹಾಗೆ ಹೊಟ್ಟೆ ತಟ್ಟಿದರು, ಬಗ್ಗಿ ಗಾಲಿ ನೋಡಿದರು. ‘ಎಲ್ಲಾ ಬರೋಬ್ಬರ ಐತಿ. ಹಲ್ಲ ಎಲ್ಲಿ ನೋಡೂದೋ?’ ಎಂದು ಹಸನಭಾಯಿಯನ್ನು ಕೇಳಿದರು.

ಹಸನಭಾಯಿ ನಗಲಿಲ್ಲ. ಅವರು ವಿಮಾನದ ಗಾಲಿ ಹಿಡಿದುಕೊಂಡು ಬೆವರುತ್ತಿದ್ದರು. ಆ ಚಳಿಯಲ್ಲಿ ಬೆವರು. ಹೊಟ್ಟೆಯ ಬಲಗಡೆ ಕೈ ಒತ್ತಿಕೊಂಡು ಅಲ್ಲೇ ಕುಸಿದು ಕೂತರು.

ಆಸ್ಪತ್ರೆಯಲ್ಲಿ ಕರುಳಿನ ಬಾವು, ಈಗಲೇ ಕೊಯ್ಯಬೇಕು ಎಂದರು. ಮಾರನೆಯ ದಿನವೇ, ನಗೋಯಾದಲ್ಲೇ, ಕೊನೆಯ ಸಭೆ. ಅಲ್ಲಿ ಸಿಗಡಿಯ ಬೆಲೆ ಕುದುರದಿದ್ದರೆ ಸಾಹೇಬರು ಮೂರನೆಯ ದಿನ ಬೇರೆ ದೇಶಕ್ಕೆ ಹೊರಡುವವರು. ಹಸನಭಾಯಿ ಒಳಗೆ ಹೋಗುವ ಮುಂಚೆ ಕಾಕಾರನ್ನು ಹತ್ತಿರ ಕರೆದರು. ಹಲ್ಲು ಕಟಕಟ ಅನ್ನುತ್ತಿತ್ತು. ಕಾಕಾ ತಮ್ಮ ಹೆಗಲ ಮೇಲಿನ ವಲ್ಲಿ ತೆಗೆದು ಅವರಿಗೆ ಹೊದಿಸಿದರು.

‘ತವನ್ಯಾ, ನಾಳೆ ನೀ ಕುಂದರು ನನ್ನ ಜಾಗಾದಾಗ.’

‘ಹುಚ್ಚ ಹಿಡದೈತೇನೋ ನಿನಗ? ನಾ ಆ ಮಾಲ ಮಾರಲ್ಯಾ? ನಮ್ಮ ಮಂದಿ ಅದನ್ನ ನೋಡಿದ ಕಣ್ಣ ಸೈತ ತೊಳಕೊಂತಾರ.’

‘ನನಗ ಗೊತ್ತಿಲ್ಲೇನು? ಬ್ಯಾರೆ ಯಾರಿಗರೆ ಹೇಳೂ ಹಂಗ ಇದ್ರ ನಿನಗ್ಯಾಕ ಹೇಳ್ತಿದ್ದೆ? ಸಾಹೇಬರಿಗೆ ಲೆಕ್ಕ ಬರತೈತಿ, ಸೌದಾ ಬರೂದಿಲ್ಲ. ನನ್ನ ಸಲುವಾಗಿ ಬ್ಯಾಡ. ನನ್ನ ದೋಣ್ಯಾಗ ಹೋಗೂ ಮಂದಿ ಅದಾರಲ್ಲ, ಅವರ ಸಲುವಾಗಿ.’

ಕಾಕಾ ಗೋಡೆ ನೋಡುತ್ತ ನಿಂತರು. ಒಂದು ಕಡೆ ಹುಟ್ಟಿದಂದಿನಿಂದ ಹಿಡಿದ ಧರ್ಮ, ಇನ್ನೊಂದು ಕಡೆ ಗಡಹಿಂಗ್ಲಜದ ಸಾಲಿಯಲ್ಲಿ ಒಂದೇ ಮಣೆಯ ಮೇಲೆ ಕೂತು ಬೆಳೆದವನು.

‘ಕೇಳು,’ ಎಂದರು ಕಡೆಗೆ. ‘ಆ ಮಾಲಿನ ಹೆಸರ ನನ್ನ ಬಾಯಾಗ ಬರೂದಿಲ್ಲ. ಅದನ್ನ ನಾ ನೋಡೂದಿಲ್ಲ. ದಲಾಲಿ ಮುಟ್ಟೂದಿಲ್ಲ. ಬರೇ ಬೆರಳ ಕೊಡತೇನಿ. ಬೆರಳಿಗೆ ಯಾವ ಮಾಲಂತ ಏನ ಗೊತ್ತು?’

ಹಸನಭಾಯಿ ವಲ್ಲಿಯ ಕೆಳಗಿಂದ ಕೈ ಚಾಚಿ ಕಾಕಾರ ಬೆರಳು ಹಿಡಿದರು. ಇದಕ್ಕಿಂತ ಕೆಳಗೆ ಇಳಿಯಬೇಡವೆಂಬ ಬೆಲೆ ಅದು. ಆಮೇಲೆ ಅವರನ್ನು ಒಳಗೆ ಒಯ್ದರು, ವಲ್ಲಿಯೂ ಅವರ ಜೊತೆಗೇ ಹೋಯಿತು.

ನಗೋಯಾ, ಮಾರನೆಯ ದಿನ

ಸಭೆ ಮುಂಜಾನೆಯಿಂದ ಎಳೆಯಿತು. ಸಿಗಡಿ ಕೊಂಡರೆ ವಿಮಾನ ಎಂದರು ಸಾಹೇಬರು. ಬೆಲೆ ಹೇಳಿ ಎಂದರು ಒಕುದಾ. ನೀವೇ ಹೇಳಿ ಎಂದರು ಸಾಹೇಬರು. ಸಾಹೇಬರು ಜಾಣರೇ, ಒಳ್ಳೆಯವರೂ ಹೌದು. ಆದರೆ ಒಮ್ಮೆ ಬಾಯಿಂದ ಕಡಿಮೆ ಬೆಲೆ ಹೊರಟು ಸೌದಾ ಮುರಿದರೆ ದಿಲ್ಲಿಯಲ್ಲಿ ಅವರ ಕಥೆ ಮುಗಿಯಿತು. ಆಚೆ ಒಕುದಾ ಅವರ ಪಕ್ಕದಲ್ಲೂ ಅವರ ಮೇಲಿನ ಯಜಮಾನರು ಕಲ್ಲಿನ ಹಾಗೆ ಕೂತಿದ್ದರು. ಇಬ್ಬರೂ ಹೇಳಲಾರರು, ಇಬ್ಬರೂ ಏಳಲಾರರು.

ಕಾಕಾ ಆತನಕ ಸುಮ್ಮನೆ ಒಕುದಾರ ಕೈಯನ್ನೇ ನೋಡುತ್ತಿದ್ದರು. ಆಮೇಲೆ ನನ್ನ ಕಿವಿಗೆ ಬಾಗಿದರು. ‘ಬಾಳೂ, ಆ ಹಿರ್ಯಾನ ಹೊಟ್ಟ್ಯಾಗ ಬೆಲಿ ಐತಿ. ಬಾಜೂಕ ಕುಂತಾವ್ನ ಸಲುವಾಗಿ ಬಾಯಿಗೆ ಬರವಲ್ದು. ನಮ್ಮ ಪ್ಯಾಟ್ಯಾಗ ದಿನಾ ನೋಡತೇನಿ ಇಂಥಾವರನ್ನ. ಸಾಹೇಬರನ್ನ ಕೇಳು, ನಾ ಕೈ ಹಿಡೀಲೇನಂತ.’

ಸಾಹೇಬರು ನನ್ನ ಮಾತು ಕೇಳಿ ಮೊದಲು ಹುಬ್ಬು ಗಂಟಿಕ್ಕಿದರು. ಆಮೇಲೆ ಗಡಿಯಾರ ನೋಡಿದರು, ಆಮೇಲೆ ನಕ್ಕುಬಿಟ್ಟರು. ‘ವಿಮಾನದ ಮಾತು ನನಗೆ ಬಿಡಲಿ, ಆ ಹಗ್ಗ ನಾನು ಬಿಗಿಯಾಗಿಯೇ ಹಿಡಿದಿರುತ್ತೇನೆ. ಬೆಲೆ ಅವರು ನೋಡಲಿ,’ ಎಂದು ಅಪ್ಪಣೆ ಕೊಟ್ಟರು.

ನಮ್ಮ ಪೇಟೆಯ ಪದ್ಧತಿಯನ್ನು ನಾನು ಅವರ ದುಭಾಷಿಗೆ ಇಂಗ್ಲಿಷಿನಲ್ಲಿ ವಿವರಿಸಿದೆ, ಅವನು ಒಕುದಾರಿಗೆ ಹೇಳಿದ. ಅವರೆಲ್ಲ ಎದ್ದು ಹೋಗುತ್ತಾರೆಂದೇ ನನ್ನ ಎಣಿಕೆ. ಒಕುದಾ ಮೂಗಿನಲ್ಲಿ ಗಾಳಿ ಎಳೆದುಕೊಂಡರು, ಕನ್ನಡಕ ತೆಗೆದರು. ಅವರ ತಂದೆ ಹಳ್ಳಿಯಲ್ಲಿ ದನದ ವ್ಯಾಪಾರಿಯಂತೆ. ಅಗಲ ತೋಳಿನ ಅಂಗಿಯೊಳಗೆ ಎದುರಿನವನ ಕೈ ತೂರಿಸಿಕೊಂಡು ಹೀಗೇ ಬೆರಳಿನಿಂದ ಬೆಲೆ ಹೇಳುತ್ತಿದ್ದರಂತೆ. ಇದನ್ನು ಹೇಳುವಾಗ ಆ ಹಿರಿಯರ ಧ್ವನಿಯೇ ಬೇರೆಯಾಯಿತು. ತಮ್ಮ ಕೋಟಿನ ಬಿಗಿ ತೋಳನ್ನು ಎಳೆದು ತೋರಿಸಿ, ಇದರಲ್ಲಿ ಎರಡು ಕೈ ಹಿಡಿಸುವುದಿಲ್ಲ ಎಂದು ನಕ್ಕರು. ಕಲ್ಲಿನ ಹಾಗೆ ಕೂತ ಯಜಮಾನರೂ ನಕ್ಕರು.

ಒಂದು ಬೆರಳಿಗೆ ಎಷ್ಟೆಂದು ದುಭಾಷಿಯ ಮೂಲಕ ಗೊತ್ತುಮಾಡಿಕೊಂಡ ಮೇಲೆ ಒಕುದಾ ಮೇಜಿನ ಮೇಲೆ ಕೈ ಇಟ್ಟರು. ಕಾಕಾ ಹೆಗಲಿಗೆ ಕೈ ಹಾಕಿದರು. ವಲ್ಲಿ ಇಲ್ಲ, ಅದು ಆಸ್ಪತ್ರೆಯಲ್ಲಿದೆ. ಬಿಸಿ ಕಬ್ಬಿಣ ತಣ್ಣಗಾಗಬಾರದೆಂಬ ಅವಸರದಲ್ಲಿ ಕೋಟಿನ ಕಿಸೆಗೆ ಕೈ ಹಾಕಿ, ಸಿಕ್ಕ ಬಟ್ಟೆ ಎಳೆದು ಎರಡೂ ಕೈಗಳ ಮೇಲೆ ಹಾಸಿದರು. ಯಾವ ಬಟ್ಟೆಯೆಂದು ನಾನು ಕಂಡೆ. ಕಂಡರೂ ಆ ಗಳಿಗೆಯಲ್ಲಿ ನನಗೂ ಏನೂ ಹೊಳೆಯಲಿಲ್ಲ.

ಅರಿವೆ ಮೆಲ್ಲಗೆ ಅಲುಗಿತು. ಒಕುದಾ ತಲೆ ಅಲ್ಲಾಡಿಸಿದರು. ಮತ್ತೆ ಅಲುಗಿತು, ಕಾಕಾ ತಲೆ ಅಲ್ಲಾಡಿಸಿದರು. ಸಾಹೇಬರು ಈ ಕಡೆ ಕಾಗದ ಮಡಿಚುವ ಸದ್ದು ಮಾಡಿ, ನಾಳೆಯ ಬೇರೆ ದೇಶದ ಪ್ರಯಾಣವನ್ನು ಸಹಜವೆಂಬಂತೆ ನೆನಪಿಸಿದರು. ಅರಿವೆ ಮತ್ತೊಮ್ಮೆ ಅಲುಗಿತು. ಈ ಸಲ ಇಬ್ಬರೂ ತಲೆ ಅಲ್ಲಾಡಿಸಲಿಲ್ಲ. ಕಾಕಾ ಅರಿವೆ ಎಳೆದು, ಪೇಟೆಯಲ್ಲಿ ವ್ಯಾಪಾರ ಕುದುರಿದಾಗ ಮರಾಠಿಯಲ್ಲಿ ಕೂಗುವ ಹಾಗೆಯೇ ‘ಝಾಲಾ ಸೌದಾ!’ ಎಂದು ಕೂಗಿದರು. ಬೆಚ್ಚಿಬಿದ್ದ ದುಭಾಷಿ ಅದನ್ನು ಅನುವಾದ ಮಾಡಲಿಲ್ಲ, ಮಾಡುವ ಅಗತ್ಯವೂ ಇರಲಿಲ್ಲ.

ಆ ಸಂಜೆ ಸಿಗಡಿಗೂ ವಿಮಾನಕ್ಕೂ ಒಟ್ಟಿಗೆ ಸಹಿ ಬಿತ್ತು.

ಆಸ್ಪತ್ರೆಯಲ್ಲಿ

ಹಸನಭಾಯಿ ಕಣ್ಣು ತೆರೆದಿದ್ದರು, ಮಾತಾಡಲು ಹೆಚ್ಚು ತ್ರಾಣವಿರಲಿಲ್ಲ. ಕಾಕಾರಿಗೂ ಆ ಮಾಲಿನ ಬೆಲೆಯನ್ನು ಬಾಯಿಂದ ಹೇಳುವ ಹಾಗಿಲ್ಲ. ಮಂಚದ ಬದಿಗೆ ಕೂತು ವಲ್ಲಿಯ ಕೆಳಗೆ ಕೈ ತೂರಿಸಿ ಬೆರಳು ಹಿಡಿದರು. ಹಸನಭಾಯಿ ಕಣ್ಣು ಮುಚ್ಚಿಕೊಂಡರು, ಎರಡೂ ಕಡೆ ನೀರಿಳಿಯಿತು. ಆಮೇಲೆ ಒಂದು ಕಣ್ಣು ತೆರೆದು ಒಣಗಿದ ತುಟಿಯಲ್ಲಿ, ‘ಇನ್ನೊಂದ ಬೆರಳ ಎಳೀಬೇಕಿತ್ತಲ್ಲೋ ಮಗನ,’ ಎಂದರು.

‘ನಿನ್ನ ಹೊಲಿಗಿ ಹರೀತಾವ, ಸುಮ್ಮನ ಬೀಳು!’ ಎಂದು ಕಾಕಾ ಬೈದರು. ಅಷ್ಟು ಸಂತೋಷದಿಂದ ಅವರು ಯಾರನ್ನೂ ಬೈದದ್ದು ನಾನು ಕೇಳಿಲ್ಲ. ದಾದಿಯೊಬ್ಬಳು ಬಂದು ಇಬ್ಬರ ಕೈ ಬಿಡಿಸಬೇಕಾಯಿತು.

ಮರುದಿನ ಬೆಳಿಗ್ಗೆ ನಗೋಯಾದ ತಂಗುಮನೆಯಲ್ಲಿ ನಾನು ಎದ್ದಾಗ ಕಾಕಾ ನಲ್ಲಿಯ ಮುಂದೆ ನಿಂತಿದ್ದರು. ನೀರು ಸುಮ್ಮನೆ ಹರಿಯುತ್ತಿತ್ತು. ಚರಿಗೆ ಒಂದು ಕೈಯಲ್ಲಿ, ಸೋಸುವ ಅರಿವೆ ಇನ್ನೊಂದು ಕೈಯಲ್ಲಿ. ಅರಿವೆಯನ್ನು ಚರಿಗೆಯ ಬಾಯಿಗೆ ಹಾಸಲೂ ಇಲ್ಲ, ಕೆಳಗಿಡಲೂ ಇಲ್ಲ.

‘ಬಾಳೂ, ನಾ ಏನ ಮಾಡಿದ್ನೋ? ಇದು ನೀರಾಗಿನ ಜೀವಾ ಉಳಸೂ ಅರಿವಿ. ಇದರ ಕೆಳಗ ಕೈ ಇಟ್ಟು ನೀರಾಗಿನ ಜೀವಾನ ಮಾರಿದೆ. ಹಡಗಗಟ್ಲೆ ಮಾರಿದೆ.’

‘ಕಾಕಾ, ಗೊತ್ತಿಲ್ಲದ ಆದದ್ದು. ವಲ್ಲಿ ಇರಲಿಲ್ಲ.’

‘ವಲ್ಲಿ ಇದ್ರೂ ಮಾರತಿದ್ದೆ. ಈ ಅರಿವಿ ನನಗ ಅದನ್ನ ತೋರಿಸಿಕೊಡ್ತು, ಅಷ್ಟ. ಬೆರಳಿಗೆ ಯಾವ ಮಾಲಂತ ಗೊತ್ತಿಲ್ಲ ಅಂದಿದ್ದೆ. ಗೊತ್ತಿತ್ತೋ, ಭಾಳ ಚೊಲೋ ಗೊತ್ತಿತ್ತು.’

ನನ್ನ ಕೈವಸ್ತ್ರವನ್ನು ಎರಡು ಪದರು ಮಾಡಿ ನಾನೇ ನೀರು ಸೋಸಿಕೊಟ್ಟೆ. ಹಸನಭಾಯಿ ಹುಷಾರಾಗುವ ತನಕ ಅಲ್ಲಿದ್ದಷ್ಟು ದಿನವೂ, ಆಮೇಲೆ ವಿಮಾನದಲ್ಲೂ ಹಾಗೇ ನಡೆಯಿತು. ದಾರಿಯುದ್ದಕ್ಕೂ ಕಾಕಾ ಕೇಳಿದ್ದು ಒಂದೇ: ‘ನಿಮ್ಮ ಚಿಗವ್ವಗ ಹೆಂಗ ಹೇಳಲಿ?’

ಮರಳಿ ಕೋಲ್ಹಾಪುರ

ಹೇಳುವುದನ್ನು ಅವರು ತಡಮಾಡಲಿಲ್ಲ. ಚಪ್ಪಲಿ ಬಿಡುವ ಮುಂಚೆಯೇ, ಬಾಗಿಲಲ್ಲಿ ನಿಂತು ಎಲ್ಲವನ್ನೂ ಹೇಳಿದರು. ಚಿಗವ್ವ ಕೇಳಿದ್ದು ಒಂದೇ ಮಾತು, ‘ಯಾವ ಅರಿವಿ?’ ಕಾಕಾ ಕಿಸೆಯಿಂದ ತೆಗೆದುಕೊಟ್ಟರು. ಅವರು ಅದನ್ನು ಒಗೆದು ಹಿತ್ತಲ ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದರು. ಅದನ್ನು ಯಾರೂ ಮುಟ್ಟಲಿಲ್ಲ. ಬೇರೆ ಅರಿವೆ ಬಂತು, ಅದರಲ್ಲಿ ಚಿಗವ್ವ ನೀರು ಸೋಸತೊಡಗಿದರು. ಕಾಕಾ ಕೊಡದ ಹತ್ತಿರವೇ ಹೋಗಲಿಲ್ಲ. ಇಷ್ಟು ವರ್ಷ ಯಾರಿಗೂ ಬಿಟ್ಟುಕೊಡದ ಕೆಲಸ, ಯಾರೂ ಬೇಡವೆನ್ನದಿದ್ದರೂ ತಾವೇ ಬಿಟ್ಟರು.

ಇಚಲಕರಂಜಿಯಿಂದ ನಾನು ಹೋದಾಗಲೆಲ್ಲ ಆ ಮೊಳೆ ಕಣ್ಣಿಗೆ ಬೀಳುತ್ತಿತ್ತು. ಗಂಡಹೆಂಡತಿ ಜಗಳವಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವರು ಎಂದಿನಂತೆಯೇ ಇದ್ದರು, ಮುಂಜಾನೆಯ ಆ ಒಂದು ಹೊತ್ತು ಬಿಟ್ಟು. ಒಮ್ಮೆ ಮಾಳಿಗೆಯ ಮೇಲೆ ಚಿಗವ್ವ ಸಂಡಿಗೆ ಒಣಹಾಕುವಾಗ ಮೇಲೆ ವಿಮಾನವೊಂದು ಹೋಯಿತು. ‘ನಮ್ಮ ವಿಮಾನ ಇರಬೇಕ್ರಿ, ಚಿಗವ್ವಾ!’ ಎಂದೆ. ‘ಹೌದೇನು? ಹಂಗಾರ ಸಂಡಿಗಿ ಮುಚ್ಚಪಾ, ವಾಸನಿ ಹತ್ತೀತು,’ ಎಂದರು. ಅಂಗಳದಲ್ಲಿದ್ದ ಕಾಕಾರಿಗೆ ಕೇಳಿಸಿತು. ಅವರು ನಕ್ಕರೋ ಇಲ್ಲವೋ ನನಗೆ ಕಾಣಲಿಲ್ಲ.

ಮಳೆಗಾಲ ಕಳೆದ ಮೇಲೆ ಹಸನಭಾಯಿ ಘಟ್ಟ ಹತ್ತಿ ಬಂದರು. ಬಡವಾಗಿದ್ದರು, ಆದರೆ ಕಣ್ಣಲ್ಲಿ ಹಳೆಯ ನಗು. ಬರ್ಫದ ಕಾರ್ಖಾನೆ ಹಗಲೂ ರಾತ್ರಿ ನಡೆದಿದೆ, ದೋಣಿಗಳೆಲ್ಲ ನೀರಿಗಿಳಿದಿವೆ ಎಂದರು. ಕಾಕಾ ‘ಚೊಲೋ ಆತು’ ಎಂದು ಬಾಯಿತುಂಬ ಹೇಳಿದರು. ಹೇಳಿ ತಮ್ಮ ಕೈ ನೋಡಿಕೊಂಡರು. ಹಸನಭಾಯಿಗೆ ಅರಿವೆಯ ಸಂಗತಿ ಏನೂ ಗೊತ್ತಿರಲಿಲ್ಲ.

‘ವೈನೀ, ಘಟ್ಟ ಹತ್ತೂದ್ರಾಗ ಗಂಟಲ ಒಣಗೇತಿ. ಒಂದ ಚರಗಿ ನೀರ ಕೊಡ್ರಿ,’ ಎಂದು ಚಿಗವ್ವನನ್ನು ಕೇಳಿದರು.

ಚಿಗವ್ವ ಒಳಗೆ ಹೋದವರು ಕೊಡದ ಕಡೆ ಹೋಗಲಿಲ್ಲ. ಹಿತ್ತಲಿಗೆ ಹೋಗಿ ಬಾವಿಯಿಂದ ಹೊಸ ನೀರು ಸೇದಿದರು. ಆಮೇಲೆ ಬಾಗಿಲ ಹಿಂದಿನ ಮೊಳೆಯಿಂದ ಆ ಅರಿವೆಯನ್ನು ತೆಗೆದರು. ಎರಡು ಪದರು ಮಾಡಿ ಚರಿಗೆಯ ಬಾಯಿಗೆ ಹಾಸಿದರು. ಕಾಕಾ ಪಡಸಾಲೆಯಿಂದ ಎದ್ದು ನಿಂತುಬಿಟ್ಟರು.

‘ಏ, ಅದು... ಅದ ಅರಿವಿ ಅದು!’

‘ಗೊತ್ತೈತ್ರಿ,’ ಎಂದರು ಚಿಗವ್ವ, ನೀರು ಸುರಿಯುತ್ತಲೇ. ‘ಇದು ಎಷ್ಟ ಜೀವಾ ಕಳೀತೊ ನನಗ ಗೊತ್ತಿಲ್ಲ. ಆ ಲೆಕ್ಕಾ ನಾ ಹಾಕಾಕಿ ಅಲ್ಲ, ಚೊಕ್ಕ ಐತಿ ಅಂತ ಅನ್ನೂದೂ ಇಲ್ಲ. ಆದ್ರ ಇದು ಉಳಿಸಿದ್ದ ಒಂದು ಜೀವಾ ನಮ್ಮ ಪಡಸಾಲ್ಯಾಗ ಕುಂತೈತಿ. ನೀರ ಕೇಳಾಕತ್ತೈತಿ.’

ಚರಿಗೆಯನ್ನು ಹಸನಭಾಯಿಯ ಕೈಗೆ ಕೊಟ್ಟರು. ಅವರು ಏನೊಂದೂ ಅರಿಯದೆ ಗಟಗಟ ಕುಡಿದು, ‘ಕೋಲ್ಹಾಪುರದ ನೀರಂದ್ರ ನೀರ ನೋಡ್ರಿ,’ ಎಂದು ಮೀಸೆ ಒರೆಸಿಕೊಂಡರು.

ಚಿಗವ್ವ ತೊಯ್ದ ಅರಿವೆಯನ್ನು ಅಂಗೈ ಮೇಲೆ ಹರವಿ ಹಿಡಿದುಕೊಂಡು ಕಾಕಾರ ಮುಂದೆ ಬಂದು ನಿಂತರು.

‘ಉಳದದ್ದನ್ನ ಬಾವಿಗೆ ಬಿಟ್ಟ ಬರ್ರಿ. ಎಷ್ಟ ದಿನಾ ಅಂತ ನಾನ ಮಾಡಲಿ ನಿಮ್ಮ ಕೆಲಸಾ?’

ಕಾಕಾ ಎರಡೂ ಕೈ ಒಡ್ಡಿ ಅರಿವೆ ತೆಗೆದುಕೊಂಡರು. ಹನಿ ಕೆಳಗೆ ಬೀಳದ ಹಾಗೆ ಬೊಗಸೆ ಮಾಡಿಕೊಂಡು, ಒಂದೊಂದೇ ಹೆಜ್ಜೆ ಇಡುತ್ತ ಬಾವಿಯ ಕಡೆಗೆ ನಡೆದರು.